ಕಾಳಿಗೆ ಹೊರಡುವ ಮುಂಚೆ ನೀರು ವಿಚಾರಿಸಿ

ಉತ್ತರ ಕನ್ನಡದ ಕಾಳಿ ನದಿಯಲ್ಲಿ ನಡೆಯುವ ಗಣೇಶಗುಡಿಯ ರಾಫ್ಟಿಂಗ್ ಪೂರ್ತಿ ಸೂಪಾ ಅಣೆಕಟ್ಟಿನ ವಿದ್ಯುದಾಗಾರದ ಕೈಯಲ್ಲಿದೆ. ಅಲ್ಲಿರುವುದು 50 ಮೆಗಾವ್ಯಾಟಿನ ಎರಡು ಘಟಕ. ಅವು ತಿರುಗಿದರೆ ಕೆಳಗೆ ನೀರು, ನಿಂತರೆ ಬರೀ ಬಂಡೆ. ಹಾಗಾಗಿ ರೂಮು ಕಾದಿರಿಸುವ ಮುಂಚೆ ನಾನು ಫೋನಿನಲ್ಲಿ ಎರಡು ಪ್ರಶ್ನೆ ಕೇಳುತ್ತೇನೆ: ನಾಳೆ ನೀರು ಬಿಡ್ತಾರಾ, ರಾಫ್ಟಿಂಗ್ ಎಷ್ಟು ಕಿಲೋಮೀಟರು? ಎರಡನೆಯದು ಮುಖ್ಯ. ಒಂಬತ್ತು ಹತ್ತು ಕಿಲೋಮೀಟರಿನ ಓಟಕ್ಕೂ ಒಂದೇ ಕಡೆ ಸುತ್ತಿಸಿ ದಡಕ್ಕೆ ತರುವ ಆಟಕ್ಕೂ ಇಲ್ಲಿ ಹೆಸರು ಒಂದೇ.

ಲೈಫ್ ಜಾಕೆಟ್ ತೊಟ್ಟ ಮೇಲೆ ಭುಜದ ಪಟ್ಟಿ ಹಿಡಿದು ಯಾರಿಂದಲಾದರೂ ಮೇಲಕ್ಕೆ ಎಳೆಸಿ. ಕಿವಿಯ ತನಕ ಬಂದರೆ ಸಡಿಲವಾಗಿದೆ ಎಂದರ್ಥ. ನೀರಿಗೆ ಬಿದ್ದರೆ ಬೆನ್ನ ಮೇಲೆ ತೇಲಿ, ಕಾಲು ಹರಿವಿನ ದಿಕ್ಕಿಗಿರಲಿ. ಎದ್ದು ನಿಲ್ಲುವ ಆಸೆ ಬೇಡವೇ ಬೇಡ. ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ಹಿಂದಿನ ನೀರು ಮೈಯನ್ನು ಮುಂದಕ್ಕೆ ಮಗುಚುತ್ತದೆ, ಆಳ ಸೊಂಟದಷ್ಟೇ ಇದ್ದರೂ. ದಾಂಡೇಲಿಯ ಹತ್ತಿರ ಮೊಸಳೆಗಳಿವೆ, ಅಲ್ಲಿ ದಡದಿಂದಲೇ ನೋಡಿ.

ಸೂಪಾ ಒಂದು ಊರೂ ಆಗಿತ್ತು, ತಾಲೂಕು ಕೇಂದ್ರ. 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಮುಳುಗಿ, ಕಚೇರಿಗಳು ಜೋಯಿಡಾಕ್ಕೆ ಬಂದವು. ಜೋಯಿಡಾ ಕುಣಬಿ ಬುಡಕಟ್ಟಿನವರ ಸೀಮೆ. ಗೋವಾದ ಕುಣಬಿಗಳಿಗೆ 2003ರಲ್ಲೇ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು, ಗಡಿಯ ಈಚೆಗಿನವರು ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. ಚಳಿಗಾಲದಲ್ಲಿ ಹೋದರೆ ಇವರು ಬೆಳೆದ ಮುಡ್ಲಿ, ಕಣಂಗ ಗೆಡ್ಡೆಗಳು ಸಿಗುತ್ತವೆ. ಗೆಡ್ಡೆಮೇಳ ನಡೆಯುವುದೂ ಆಗಲೇ. ಕೊಂಡು ತಂದ ಮುಡ್ಲಿಯನ್ನು ಅರೆಬೇಯಿಸಿ ತಿಂದವರು ಗಂಟಲು ಕೆರೆದುಕೊಳ್ಳುತ್ತಾರೆ. ಕೆಸುವಿನ ಜಾತಿಯಾದ್ದರಿಂದ ಅದರಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿರುತ್ತವೆ. ಕೈಗೆ ಎಣ್ಣೆ ಸವರಿಕೊಂಡು ಹೆಚ್ಚಿ, ಹುಣಸೆಯನ್ನೋ ಮುರುಗಲನ್ನೋ ಹಾಕಿ, ಬೆರಳಲ್ಲಿ ಹಿಸುಕಿದರೆ ಮುದ್ದೆಯಾಗುವ ತನಕ ಬೇಯಿಸಿ.

ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿಯರ ಊರುಗಳು. ಆಫ್ರಿಕಾ ಮೂಲದ ಇವರನ್ನು ರೆಸಾರ್ಟಿನ ಅಂಗಳದಲ್ಲಿ ಕುಣಿಸಿ ತೋರಿಸುವುದು ನನಗೆ ಹಿಡಿಸದು. ಪರಿಚಯದವರ ಮೂಲಕ ಊರಿಗೆ ಹೋಗಿ, ಹೆಂಗಸರು ಕವದಿ ಹೊಲಿಯುವುದನ್ನು ನೋಡಿ. ಹಳೆ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ಹಿಡಿದು ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೈಹೊಲಿಗೆಯಾದ್ದರಿಂದ ವಾರಗಟ್ಟಲೆ ಬೇಕು, ಹೋದ ದಿನವೇ ಸಿಗಲಿ ಎನ್ನಬೇಡಿ. ಕೊಳ್ಳುವಾಗ ಮೂಲೆ ನೋಡಿ: ತ್ರಿಕೋನದ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ‘ಫೂಲ’ ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ಕವದಿ ಇನ್ನೂ ಮುಗಿದಿಲ್ಲ.