ಮನೆಯೊಳಗೆ ಮೆಣಸಿನಕಾಯಿ, ಟೊಮೆಟೊ ಸಸಿ ಬೆಳೆಸುವುದು ಹೇಗೆ?

ಬೆಂಗಳೂರಿನಲ್ಲಿ ತಾರಸಿ ತೋಟ ಮಾಡುವವರಲ್ಲಿ ಬಹುಪಾಲು ಜನ ಮೆಣಸಿನಕಾಯಿ, ಟೊಮೆಟೊ ಸಸಿಗಳನ್ನು ಲಾಲ್‌ಬಾಗ್ ಸುತ್ತಮುತ್ತಲ ನರ್ಸರಿಗಳಿಂದಲೋ ಬಡಾವಣೆಯ ತಳ್ಳುಗಾಡಿಯಿಂದಲೋ ತಂದು ನೆಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಾಗೆ ತಂದ ಸಸಿಯ ತಳಿ ಯಾವುದೆಂದು ಕೇಳಿದರೆ ಸಾಮಾನ್ಯವಾಗಿ ಉತ್ತರ ಸಿಗುವುದಿಲ್ಲ, ಮತ್ತು ಎಲೆ ಮುದುರು ರೋಗದ ವೈರಸ್ಸನ್ನು ಹೊತ್ತ ಸಸಿಯೂ ನೋಡಲು ಆರೋಗ್ಯವಾಗಿಯೇ ಕಾಣುತ್ತದೆ. ಟೊಮೆಟೊದಲ್ಲಿ ಈ ವೈರಸ್ಸನ್ನು ಹರಡುವುದು ಬಿಳಿ ನೊಣ. ಮೆಣಸಿನ ಎಲೆ ಮುರುಟುವುದಕ್ಕೆ ಥ್ರಿಪ್ಸ್ ಮತ್ತು ಮೈಟ್ ನುಸಿಗಳೂ ಕಾರಣ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಸಿ ಮಾರುವ ನರ್ಸರಿಯವರು ಪ್ರೋಟ್ರೇಗಳನ್ನು (ಸಸಿ ಬೆಳೆಸುವ ಸಣ್ಣ ಗುಳಿಗಳ ತಟ್ಟೆಗಳನ್ನು) ಕೀಟ ನುಸುಳದ ಸಣ್ಣ ಕಣ್ಣಿನ ಬಲೆಯೊಳಗೆ ಇಡುವುದು ಇದೇ ಕಾರಣಕ್ಕೆ. ಫ್ಲ್ಯಾಟ್‌ನ ಒಂದು ಕೋಣೆ ಆ ಬಲೆಯ ಕೆಲಸವನ್ನು ಬಹುಮಟ್ಟಿಗೆ ತಾನೇ ಮಾಡುತ್ತದೆ.

ಮನೆಯೊಳಗೆ ಬೀಜ ಹಾಕಿ ಕೈಸುಟ್ಟುಕೊಂಡವರ ಅನುಭವಗಳನ್ನು ಕೇಳಿದರೆ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. ಬೀಜ ಮೊಳೆಯುವುದಕ್ಕೆ ತೇವ, ಬಿಸುಪು ಮತ್ತು ಮುಚ್ಚಿಗೆ ಬೇಕು. ಮೊಳೆತ ಸಸಿ ಬದುಕುವುದಕ್ಕೆ ಬೆಳಕು, ಗಾಳಿ ಮತ್ತು ಒಣಗುತ್ತ ಬರುವ ಮೇಲ್ಮಣ್ಣು ಬೇಕು. ಮೊದಲ ವಾರ ಬೀಜವನ್ನು ಕಾಪಾಡಿದ ಆರೈಕೆಯನ್ನೇ ಎರಡನೆಯ ವಾರಕ್ಕೂ ಮುಂದುವರಿಸಿದರೆ ಅದೇ ಆರೈಕೆ ಸಸಿಯನ್ನು ಕೊಲ್ಲುತ್ತದೆ. ಮುಂದೆ ಹೇಳುವ ಹಂತಗಳೆಲ್ಲವೂ ಈ ಬದಲಾವಣೆಯನ್ನು ಸರಿಯಾದ ಹೊತ್ತಿಗೆ ಮಾಡುವುದರ ಸುತ್ತಲೇ ಇವೆ.

ಬೀಜದ ಆಯ್ಕೆ

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳು ಬೆಂಗಳೂರಿನವರಿಗೆ ಕೈಗೆಟಕುವಷ್ಟು ಹತ್ತಿರದಲ್ಲಿವೆ. ಟೊಮೆಟೊದಲ್ಲಿ ಅರ್ಕ ರಕ್ಷಕ್ ಎಂಬ ಹೈಬ್ರಿಡ್ ಎಲೆ ಮುದುರು ವೈರಸ್, ದುಂಡಾಣು ಸೊರಗು ರೋಗ ಹಾಗೂ ಎಲೆ ಅಂಗಮಾರಿ ಈ ಮೂರನ್ನೂ ತಡೆದುಕೊಳ್ಳುವಂತೆ ರೂಪಿಸಿದ್ದು. ಮುಂದಿನ ವರ್ಷಕ್ಕೆ ಸ್ವಂತ ಬೀಜ ಎತ್ತಿಡಬೇಕೆನ್ನುವವರು ಟೊಮೆಟೊದಲ್ಲಿ ಅರ್ಕ ವಿಕಾಸ್, ಮೆಣಸಿನಕಾಯಿಯಲ್ಲಿ ಅರ್ಕ ಲೋಹಿತ್ ಮುಂತಾದ ಹೈಬ್ರಿಡ್ ಅಲ್ಲದ ತಳಿಗಳನ್ನು ಆರಿಸಿಕೊಳ್ಳಬೇಕು, ಏಕೆಂದರೆ ಹೈಬ್ರಿಡ್ ಗಿಡದ ಬೀಜದಿಂದ ಹುಟ್ಟಿದ ಸಸಿಗಳು ತಾಯಿಗಿಡದಂತೆಯೇ ಇರುವುದಿಲ್ಲ. ಮಾರುಕಟ್ಟೆಯಿಂದ ತಂದ ಹಣ್ಣಿನ ಬೀಜ ಮೊಳೆಯುವುದೇನೋ ನಿಜ, ಆದರೆ ಆ ಹಣ್ಣು ಹೈಬ್ರಿಡ್ ಆಗಿರುವ ಸಂಭವವೇ ಹೆಚ್ಚು.

ಪೊಟ್ಟಣ ಕೊಳ್ಳುವಾಗ ಬೆಲೆಗಿಂತ ಮೊದಲು ನೋಡಬೇಕಾದದ್ದು ಪರೀಕ್ಷೆಯ ದಿನಾಂಕ ಮತ್ತು ಮೊಳಕೆಯ ಪ್ರಮಾಣ. ಪ್ರಮಾಣಿತ ಬೀಜಕ್ಕೆ ನಿಗದಿಯಾಗಿರುವ ಕನಿಷ್ಠ ಮೊಳಕೆ ಪ್ರಮಾಣ ಟೊಮೆಟೊದಲ್ಲಿ ಶೇ 70, ಮೆಣಸಿನಕಾಯಿಯಲ್ಲಿ ಶೇ 60. ಅಂದರೆ ಹತ್ತು ಮೆಣಸಿನ ಗಿಡ ಬೇಕಿದ್ದರೆ ಹದಿನಾರು, ಹದಿನೇಳು ಬೀಜ ಹಾಕುವುದು ಲೆಕ್ಕಕ್ಕೆ ಸರಿಹೋಗುತ್ತದೆ. ಗುಲಾಬಿ ಅಥವಾ ನೀಲಿ ಬಣ್ಣ ಬಳಿದ ಬೀಜಗಳಿಗೆ ಶಿಲೀಂಧ್ರನಾಶಕ ಸವರಿರುತ್ತಾರೆ. ಅವುಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ನೆನೆಸಿದ ನೀರನ್ನು ಅಡುಗೆಮನೆಯ ಪಾತ್ರೆಗೆ ತಾಗಿಸಬಾರದು, ಮಕ್ಕಳ ಕೈಗೆ ಸಿಗುವಂತೆ ಇಡಬಾರದು.

ಮೊಳಕೆ ಬರಿಸುವುದು

ಬೀಜಗಳನ್ನು ಮೊದಲು ಎಂಟರಿಂದ ಹನ್ನೆರಡು ಗಂಟೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಬೇಕು. ರಾತ್ರಿ ಹಾಕಿ ಬೆಳಿಗ್ಗೆ ತೆಗೆದರೆ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ನೀರಿನಲ್ಲಿ ಮುಳುಗಿದ್ದರೆ ಬೀಜಕ್ಕೆ ಉಸಿರಾಡಲು ಆಮ್ಲಜನಕ ಸಾಲದೆ ಕೊಳೆಯುವ ಅಪಾಯವಿದೆ. ಮುಂದಿನ ಕೆಲಸ ಮನೆಯಲ್ಲಿ ಹೆಸರುಕಾಳನ್ನು ಮೊಳಕೆ ಕಟ್ಟುವ ಕ್ರಮದಂತೆಯೇ ಇರುತ್ತದೆ, ಆದರೆ ಕಾಯಬೇಕಾದ ದಿನಗಳು ಹೆಚ್ಚು. ಕಾಗದದ ಕರವಸ್ತ್ರವನ್ನು ಒದ್ದೆ ಮಾಡಿ, ಹಿಂಡಿ, ನೀರು ತೊಟ್ಟಿಕ್ಕದಷ್ಟು ತೇವ ಉಳಿದಾಗ ಅದರ ಮೇಲೆ ಬೀಜಗಳನ್ನು ಒಂದಕ್ಕೊಂದು ತಾಗದಂತೆ ಹರಡಿ, ಮಡಚಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಡಬೇಕು. ದಿನಕ್ಕೊಮ್ಮೆ ಮುಚ್ಚಳ ತೆರೆದು ಗಾಳಿ ಆಡಿಸುವುದನ್ನು ಮರೆಯಬಾರದು. ಒಂದೇ ಡಬ್ಬಿಯಲ್ಲಿ ಎರಡು ತಳಿ ಇಟ್ಟರೆ ಹೆಸರು ಬರೆದಿಡಲೇಬೇಕು. ಮೊಳೆತ ಮೇಲೆ ಒಂದು ಮೆಣಸನ್ನು ಇನ್ನೊಂದರಿಂದ ಗುರುತಿಸುವುದು ಸಾಧ್ಯವಿಲ್ಲ.

ಈ ಹಂತದಲ್ಲಿ ಬೆಳಕು ಬೇಕಿಲ್ಲ, ಬಿಸುಪು ಬೇಕು. ಎರಡೂ ಬೆಳೆಗಳಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಹಿತವಾದದ್ದು. ಆ ಬಿಸುಪಿನಲ್ಲಿ ಟೊಮೆಟೊ ಐದರಿಂದ ಎಂಟು ದಿನಕ್ಕೆ, ಮೆಣಸಿನಕಾಯಿ ಎಂಟರಿಂದ ಹದಿನಾಲ್ಕು ದಿನಕ್ಕೆ ತಲೆಯೆತ್ತುತ್ತವೆ. ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಇದಕ್ಕಾಗಿ ಏನನ್ನೂ ಮಾಡಬೇಕಾಗಿಲ್ಲ. ಡಿಸೆಂಬರ್, ಜನವರಿಯಲ್ಲಿ ಮಾತ್ರ ರಾತ್ರಿಯ ತಾಪಮಾನ 16 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ ಮೆಣಸಿನ ಬೀಜ ಮೂರು ವಾರವಾದರೂ ಅಲುಗಾಡದೆ ಕುಳಿತಿರಬಹುದು, ಮತ್ತು ಅನೇಕರು ಬೀಜವೇ ಸತ್ತಿದೆಯೆಂದು ಎಸೆಯುವುದು ಇಂಥ ಹೊತ್ತಿನಲ್ಲಿಯೇ. ಆಗ ಡಬ್ಬಿಯನ್ನು ಸದಾ ಚಾಲೂ ಇರುವ ಸೆಟ್ ಟಾಪ್ ಬಾಕ್ಸ್ ಅಥವಾ ವೈಫೈ ರೂಟರ್ ಪಕ್ಕದಲ್ಲಿಡಬಹುದು. ನೀರು ಸೋರುವ ಡಬ್ಬಿಯಾದರೆ ಆ ಸಾಹಸ ಬೇಡ. ಬಿಸಿಲಿಗೆ ಇಡುವುದೂ ಬೇಡ, ಮುಚ್ಚಿದ ಡಬ್ಬಿಯೊಳಗೆ ಬಿಸಿಲು ಬಿದ್ದರೆ ಅರ್ಧ ಗಂಟೆಯಲ್ಲಿ ಬೀಜ ಬೆಂದುಹೋಗುತ್ತದೆ.

ಬಿಳಿಯ ಬೇರು ಎರಡು, ಮೂರು ಮಿಲಿಮೀಟರ್ ಹೊರಬಂದ ಕೂಡಲೇ ಬೀಜವನ್ನು ಮಿಶ್ರಣ ತುಂಬಿದ ಕಪ್ಪಿಗೆ, ಅಂದರೆ ಸಣ್ಣ ಲೋಟಕ್ಕೆ, ಸಾಗಿಸಬೇಕು. ಇನ್ನಷ್ಟು ಉದ್ದವಾಗಲಿ ಎಂದು ಬಿಟ್ಟರೆ ಬೇರು ಕಾಗದದೊಳಗೆ ಹೊಕ್ಕು, ಬಿಡಿಸುವಾಗ ತುಂಡಾಗುತ್ತದೆ. ಎಲ್ಲ ಬೀಜಗಳೂ ಒಂದೇ ದಿನ ಮೊಳೆಯುವುದಿಲ್ಲವಾದ್ದರಿಂದ ಮೊಳೆತವನ್ನಷ್ಟೇ ತೆಗೆದು ಉಳಿದದ್ದನ್ನು ಮತ್ತೆ ಮಡಚಿಡಬೇಕು. ಈ ಗೊಡವೆ ಬೇಡವೆನ್ನುವವರು ನೆನೆಸಿದ ಬೀಜವನ್ನು ನೇರವಾಗಿ ಕಪ್ಪಿಗೆ ಹಾಕಬಹುದು. ಟೊಮೆಟೊಗೆ ನನ್ನ ಮಟ್ಟಿಗೆ ಅದೇ ಸರಿ. ಮೆಣಸಿನಕಾಯಿ ಹಾಗೂ ಹಳೆಯ ಬೀಜಗಳಿಗೆ ಕಾಗದದ ಕ್ರಮ ಒಳ್ಳೆಯದು, ಏಕೆಂದರೆ ಬೀಜ ಜೀವಂತವಾಗಿದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ.

ಕಪ್ಪು ಮತ್ತು ಮಿಶ್ರಣ

ಹೊರಗಿನ ಕೆಂಪು ಮಣ್ಣನ್ನು ಈ ಹಂತದಲ್ಲಿ ಬಳಸದಿರುವುದು ಲೇಸು. ಅದು ಸಣ್ಣ ಕಪ್ಪಿನಲ್ಲಿ ಒಣಗಿದಾಗ ಇಟ್ಟಿಗೆಯಷ್ಟು ಗಟ್ಟಿಯಾಗುವುದಲ್ಲದೆ, ಸಸಿ ಕೊಳೆಸುವ ಶಿಲೀಂಧ್ರಗಳನ್ನೂ ಜೊತೆಗೆ ತರುತ್ತದೆ. ಎರಡು ಪಾಲು ಕೋಕೋಪೀಟ್‌ಗೆ (ತೆಂಗಿನ ನಾರಿನ ಪುಡಿಗೆ) ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಸಾಕು. ಕೋಕೋಪೀಟ್ ಇಟ್ಟಿಗೆಯಲ್ಲಿ ಲವಣದ ಅಂಶ ಉಳಿದಿರುವುದುಂಟು, ಹಾಗಾಗಿ ನೆನೆಸಿದ ಮೇಲೆ ಎರಡು ಮೂರು ಸಲ ನೀರು ಬದಲಿಸಿ ಹಿಂಡಬೇಕು. ಮುಷ್ಟಿಯಲ್ಲಿ ಹಿಡಿದು ಬಲವಾಗಿ ಹಿಂಡಿದಾಗ ಒಂದೆರಡು ಹನಿಯಷ್ಟೇ ಬೀಳುವ ಹದ ಸರಿಯಾದದ್ದು. ಟ್ರೈಕೋಡರ್ಮ ಪುಡಿ ಸಿಕ್ಕರೆ ಮಿಶ್ರಣಕ್ಕೆ ಒಂದು ಚಿಟಿಕೆ ಬೆರೆಸಬಹುದು. ಇದು ರೋಗಕಾರಕ ಶಿಲೀಂಧ್ರಗಳನ್ನು ಹತ್ತಿಕ್ಕುವ ಇನ್ನೊಂದು ಶಿಲೀಂಧ್ರ, ಬಂದ ರೋಗಕ್ಕೆ ಮದ್ದಲ್ಲವಾದ್ದರಿಂದ ಮೊದಲೇ ಹಾಕಬೇಕು.

ಪ್ರೋಟ್ರೇ, ಮೊಸರಿನ ಡಬ್ಬಿ, ಕಾಗದದ ಲೋಟ ಯಾವುದಾದರೂ ಆಗುತ್ತದೆ, ತಳದಲ್ಲಿ ತೂತು ಇರಬೇಕು ಅಷ್ಟೆ. ಬೀಜವನ್ನು ಅರ್ಧ ಸೆಂಟಿಮೀಟರ್ ಆಳದಲ್ಲಿ, ಬೇರಿನ ತುದಿ ಕೆಳಮುಖವಾಗಿರುವಂತೆ ಚಿಮಟದಿಂದ ಇಟ್ಟು, ಮೇಲೆ ಮಿಶ್ರಣವನ್ನು ಒತ್ತದೆ ಉದುರಿಸಬೇಕು. ಸಸಿ ಮೇಲೆ ಬರುವವರೆಗೆ ಮಾತ್ರ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಮುಚ್ಚಬಹುದು. ಮೊದಲ ಸಸಿಯ ಕೊರಳು ಬಾಗಿಕೊಂಡು ಮೇಲೇಳುವುದು ಕಂಡ ದಿನವೇ ಆ ಹಾಳೆಯನ್ನು ತೆಗೆದುಬಿಡಬೇಕು. ಕೆಲವು ಸಸಿಗಳು ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಬರುತ್ತವೆ. ಅದನ್ನು ಕಿತ್ತರೆ ಮೊಳಕೆ ಎಲೆಗಳೂ ಹರಿದು ಬರುತ್ತವೆ. ಸಿಪ್ಪೆಯ ಮೇಲೆ ಒಂದು ಹನಿ ನೀರು ಬಿಟ್ಟು ಮಾರನೆಯ ದಿನದವರೆಗೆ ಕಾಯುವುದು ಉತ್ತಮ.

ಬೆಳಕು

ಮನೆಯೊಳಗಿನ ಸಸಿಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ನಮ್ಮ ಕಣ್ಣಿಗೆ ಬೆಳಕು ತುಂಬಿದಂತೆ ಕಾಣುವ ಹಜಾರ ಸಸಿಯ ಪಾಲಿಗೆ ಕತ್ತಲೆ. ಬೆಳಕು ಸಾಲದಿದ್ದಾಗ ಸಸಿ ಎಲೆಗೆ ಕೊಡಬೇಕಾದ ಶಕ್ತಿಯನ್ನೆಲ್ಲ ಕಾಂಡ ಉದ್ದ ಮಾಡುವುದಕ್ಕೆ ವ್ಯಯಿಸಿ, ದಾರದಂತೆ ಸೊರಗಿ, ಎರಡನೆಯ ವಾರದಲ್ಲಿ ಬಾಗಿಬಿಡುತ್ತದೆ. ಹೀಗೆ ಒಮ್ಮೆ ಉದ್ದವಾದ ಕಾಂಡವನ್ನು ಮತ್ತೆ ಗಿಡ್ಡ ಮಾಡಲಾಗದು.

ಯಾವ ಕಿಟಕಿ ಎಂಬ ಪ್ರಶ್ನೆಗೆ ಉತ್ತರ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಹಾಗೂ ಆಗಸ್ಟ್ 18ರ ಆಸುಪಾಸಿನ ಶೂನ್ಯ ನೆರಳಿನ ದಿನಗಳಂದು ಇಲ್ಲಿ ನಡುಹಗಲ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಆ ಎರಡರ ನಡುವಿನ ತಿಂಗಳುಗಳಲ್ಲಿ ಅವನ ಹಾದಿ ಉತ್ತರಕ್ಕೆ ಸರಿದಿರುತ್ತದೆ. ಆದ್ದರಿಂದ ದಕ್ಷಿಣದ ಕಿಟಕಿ ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ ಧಾರಾಳ ಬಿಸಿಲು ಕೊಟ್ಟು, ಜೂನ್‌ನಲ್ಲಿ ಬರಿಗೈಯಾಗುತ್ತದೆ. ಪೂರ್ವದ ಕಿಟಕಿ ವರ್ಷವಿಡೀ ನಂಬಬಹುದಾದದ್ದು, ಬೆಳಗಿನ ಬಿಸಿಲು ಎಳೆ ಎಲೆಯನ್ನು ಸುಡುವುದೂ ಇಲ್ಲ. ಕಿಟಕಿಯ ಮೇಲಿನ ಸಜ್ಜಾ, ಎದುರಿನ ಕಟ್ಟಡ, ಸೊಳ್ಳೆ ಪರದೆ ಪ್ರತಿಯೊಂದೂ ತನ್ನ ಪಾಲನ್ನು ಕಡಿತಗೊಳಿಸುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜುಲೈ, ಆಗಸ್ಟ್‌ನ ಮೋಡ ಕವಿದ ವಾರಗಳಲ್ಲಂತೂ ಯಾವ ಕಿಟಕಿಯೂ ಸಾಲದು.

ಇದಕ್ಕೆ ದುಬಾರಿಯಾದ ನೇರಳೆ ಬಣ್ಣದ ದೀಪಗಳು ಬೇಕಿಲ್ಲ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ 20 ವಾಟ್‌ನ ಸಾಮಾನ್ಯ ಬಿಳಿ ಎಲ್ಇಡಿ ಟ್ಯೂಬ್ ಒಂದನ್ನು ಸಸಿಗಳ ತಲೆಯಿಂದ ಒಂದು ಗೇಣಿಗಿಂತ ಕಡಿಮೆ ಎತ್ತರದಲ್ಲಿ ತೂಗುಹಾಕಿ, ದಿನಕ್ಕೆ 14 ಗಂಟೆ ಉರಿಸಿದರೆ ಒಂದು ಸಾಲು ಕಪ್ಪುಗಳಿಗೆ ಸಾಕಾಗುತ್ತದೆ. ಛಾವಣಿಗೆ ಹೊಡೆದ ಟ್ಯೂಬ್‌ನಿಂದ ಪ್ರಯೋಜನವಿಲ್ಲ, ದೂರ ಹೆಚ್ಚಿದಂತೆ ಬೆಳಕಿನ ಬಲ ಬೇಗ ಕುಂದುತ್ತದೆ. ಈ ಲೆಕ್ಕದಲ್ಲಿ ತಿಂಗಳಿಗೆ ಖರ್ಚಾಗುವ ವಿದ್ಯುತ್ ಎಂಟೂವರೆ ಯೂನಿಟ್‌ಗಿಂತ ಕಡಿಮೆ. ರಾತ್ರಿ ದೀಪ ಆರಿಸಬೇಕು. ನಿತ್ಯ ನೆನಪಿಟ್ಟುಕೊಳ್ಳಲಾಗದವರು ಟೈಮರ್ ಪ್ಲಗ್ ಹಾಕಿಕೊಳ್ಳಬಹುದು. ಸಸಿ ಬೆಳೆದಂತೆ ಟ್ಯೂಬನ್ನು ಮೇಲಕ್ಕೆತ್ತುವುದಕ್ಕಿಂತ ಕಪ್ಪುಗಳ ಕೆಳಗೆ ಹಳೆಯ ಪುಸ್ತಕಗಳನ್ನು ಪೇರಿಸಿ ಒಂದೊಂದಾಗಿ ತೆಗೆಯುತ್ತ ಹೋಗುವುದು ಸುಲಭ.

ನೀರು, ಗಾಳಿ, ಗೊಬ್ಬರ

ಬುಡದಲ್ಲಿ ಕಾಂಡ ನೀರು ತುಂಬಿದಂತೆ ಮೆತ್ತಗಾಗಿ, ನಿನ್ನೆ ನೆಟ್ಟಗಿದ್ದ ಸಸಿ ಇಂದು ಅಡ್ಡ ಬಿದ್ದಿದ್ದರೆ ಅದು ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯ ಮುಂತಾದ ರೋಗಾಣುಗಳು ಸದಾ ಒದ್ದೆಯಾಗಿರುವ, ಗಾಳಿಯಾಡದ ಮಿಶ್ರಣದಲ್ಲಿ ಇದನ್ನು ಉಂಟುಮಾಡುತ್ತವೆ. ಬಿದ್ದ ಸಸಿ ಏಳುವುದಿಲ್ಲ. ಅದನ್ನು ಕಪ್ಪು ಸಮೇತ ಎತ್ತಿ ಹೊರಹಾಕಿ, ಉಳಿದವುಗಳಿಗೆ ನೀರು ನಿಲ್ಲಿಸಿ, ಗಾಳಿಗೆ ಇಡುವುದಷ್ಟೇ ಮಾಡಬಹುದಾದದ್ದು.

ಇದನ್ನು ತಪ್ಪಿಸಲು ಮೇಲಿನಿಂದ ನೀರು ಚಿಮುಕಿಸುವ ಅಭ್ಯಾಸವನ್ನೇ ಬಿಡಬೇಕು. ತಟ್ಟೆಯಲ್ಲಿ ಒಂದು ಬೆರಳು ನೀರು ಹಾಕಿ, ಕಪ್ಪುಗಳನ್ನು ಹತ್ತು ಹದಿನೈದು ನಿಮಿಷ ಅದರಲ್ಲಿಟ್ಟು, ಉಳಿದ ನೀರನ್ನು ಚೆಲ್ಲಬೇಕು. ಮತ್ತೆ ಯಾವಾಗ ಎಂಬುದನ್ನು ದಿನ ಎಣಿಸಿ ನಿರ್ಧರಿಸುವ ಬದಲು ಕಪ್ಪನ್ನು ಎತ್ತಿ ನೋಡುವುದು ನಂಬಿಕಸ್ತ ಕ್ರಮ. ನೀರು ಕುಡಿದ ಕಪ್ಪಿಗೂ ಒಣಗಿದ ಕಪ್ಪಿಗೂ ಇರುವ ತೂಕದ ವ್ಯತ್ಯಾಸ ಎರಡೇ ದಿನದಲ್ಲಿ ಕೈಗೆ ತಿಳಿಯುತ್ತದೆ. ಗಡಸಾದ ಬೋರ್‌ವೆಲ್ ನೀರು ಬರುವ ಮನೆಗಳಲ್ಲಿ ಮಳೆನೀರು ಹಿಡಿದಿಟ್ಟು ಬಳಸಿದರೆ ಮಿಶ್ರಣದ ಮೇಲೆ ಬಿಳಿಯ ಲವಣದ ಪದರ ಕಟ್ಟುವುದು ತಪ್ಪುತ್ತದೆ. ತೇವ ಹೆಚ್ಚಾದ ಮನೆಗಳಲ್ಲಿ ಕಪ್ಪುಗಳ ಸುತ್ತ ಹಾರಾಡುವ ಸಣ್ಣ ಕರಿ ನೊಣಗಳಿಗೂ ಮದ್ದು ಮೇಲ್ಮಣ್ಣನ್ನು ಒಣಗಲು ಬಿಡುವುದೇ. ಅದರ ಜೊತೆಗೆ ಒಂದು ಹಳದಿ ಅಂಟು ಹಾಳೆಯನ್ನು ಪಕ್ಕದಲ್ಲಿ ನೆಟ್ಟರೆ ಸಾಕು.

ದಿನಕ್ಕೆ ಒಂದೆರಡು ಗಂಟೆ ಫ್ಯಾನಿನ ಹಗುರ ಗಾಳಿ ತಾಗುವಂತೆ ಇಡಬೇಕು, ಇಲ್ಲವೇ ಬೆಳಿಗ್ಗೆ, ಸಂಜೆ ಸಸಿಗಳ ತಲೆಯ ಮೇಲೆ ಅಂಗೈಯನ್ನು ಮೆಲ್ಲಗೆ ಆಡಿಸಬೇಕು. ಹೀಗೆ ಅಲುಗಾಡುವ ಸಸಿಯ ಕಾಂಡ ಗಿಡ್ಡವಾಗಿ ದಪ್ಪಗೆ ಬೆಳೆಯುತ್ತದೆ ಎಂಬುದು ಪ್ರಯೋಗಗಳಿಂದ ದೃಢಪಟ್ಟ ಸಂಗತಿ.

ಗೊಬ್ಬರದ ಅವಸರ ಬೇಡ. ಮೊದಲು ಬರುವ ಎರಡು ಮೊಳಕೆ ಎಲೆಗಳು ಬೀಜದಲ್ಲಿದ್ದ ಆಹಾರದಿಂದಲೇ ಬದುಕುತ್ತವೆ. ಅನಂತರ ನಿಜವಾದ ಎಲೆಗಳು ಎರಡು ಜೊತೆ ಬಿಚ್ಚಿದ ಮೇಲೆ, ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮಪಾಲಿನಲ್ಲಿರುವುದು) ಲೀಟರ್‌ಗೆ ಒಂದು ಗ್ರಾಂ ಮೀರದಂತೆ ಬೆರೆಸಿ ವಾರಕ್ಕೊಮ್ಮೆ ಕೊಡಬಹುದು. ಎಲೆಯ ಅಂಚು ಸುಟ್ಟಂತೆ ಕಂಡರೆ ಬರಿ ನೀರಿಗೆ ಮರಳಬೇಕು.

ದೊಡ್ಡ ಕಪ್ಪಿಗೆ, ಆಮೇಲೆ ತಾರಸಿಗೆ

ಸಣ್ಣ ಕಪ್ಪಿನ ತಳದ ತೂತಿನಲ್ಲಿ ಬೇರು ಇಣುಕಿದಾಗ ಸಸಿಯನ್ನು ದೊಡ್ಡ ಕಪ್ಪಿಗೆ ಬದಲಿಸಬೇಕು. ಹಿಡಿಯುವುದು ಎಲೆಯಿಂದ, ಕಾಂಡದಿಂದ ಎಂದಿಗೂ ಬೇಡ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಸಸಿ ಹೋಯಿತು. ಟೊಮೆಟೊ ಸಸಿಯನ್ನು ಮೊಳಕೆ ಎಲೆಯವರೆಗೂ ಹೂತರೆ ಹೂತ ಕಾಂಡದಿಂದಲೇ ಹೊಸ ಬೇರು ಬಿಡುತ್ತದೆ, ಬೆಳಕು ಸಾಲದೆ ಉದ್ದವಾದ ಸಸಿಗೆ ಇದೊಂದೇ ದಾರಿ. ಮೆಣಸಿನ ಸಸಿ ಅಷ್ಟು ಸಲೀಸಾಗಿ ಬೇರು ಬಿಡುವುದಿಲ್ಲವಾದ್ದರಿಂದ ಅದನ್ನು ಮೊದಲಿದ್ದ ಆಳಕ್ಕೇ ನೆಡುವುದು ಒಳ್ಳೆಯದು.

ಟೊಮೆಟೊ ಸುಮಾರು 25 ದಿನಕ್ಕೆ, ಮೆಣಸಿನಕಾಯಿ 35ರಿಂದ 40 ದಿನಕ್ಕೆ ನಾಟಿಗೆ ಸಿದ್ಧವಾಗುತ್ತವೆ. ಟ್ಯೂಬ್‌ಲೈಟಿನ ಕೆಳಗೆ ಬೆಳೆದ ಎಲೆಯನ್ನು ಒಮ್ಮೆಗೇ ತಾರಸಿಯ ಬಿಸಿಲಿಗೆ ಒಡ್ಡಿದರೆ ಮಧ್ಯಾಹ್ನದೊಳಗೆ ಬೆಳ್ಳಗೆ ಸುಟ್ಟುಹೋಗುತ್ತದೆ. ಮೊದಲ ದಿನ ಬೆಳಗಿನ ಬಿಸಿಲಿನಲ್ಲಿ ಒಂದು ಗಂಟೆ, ಮರುದಿನ ಎರಡು ಗಂಟೆ, ಹೀಗೆ ಏರಿಸುತ್ತ ಏಳರಿಂದ ಹತ್ತು ದಿನ ಹದಗೊಳಿಸಬೇಕು. ಈ ದಿನಗಳಲ್ಲಿ ಪಾರಿವಾಳ, ಅಳಿಲುಗಳ ಕಣ್ಣು ತಪ್ಪಿಸಲು ತರಕಾರಿ ಬುಟ್ಟಿಯೊಂದನ್ನು ಬೋರಲು ಹಾಕಿದರೆ ಅರೆನೆರಳೂ ದೊರೆಯುತ್ತದೆ. ನಾಟಿಗೆ ಸಂಜೆಯ ಹೊತ್ತು, ಸಾಧ್ಯವಾದರೆ ಮೋಡವಿರುವ ದಿನ ಆರಿಸಿಕೊಳ್ಳಬೇಕು. ಒಂದು ಅಡಿ ಅಗಲ, ಒಂದು ಅಡಿ ಆಳದ ಚೀಲಕ್ಕೆ ಒಂದೇ ಗಿಡ. ನೆಡುವ ಮುನ್ನ ಕಪ್ಪಿಗೆ ನೀರು ಕುಡಿಸಿದ್ದರೆ ಬೇರಿನ ಮುದ್ದೆ ಒಡೆಯದೆ ಹೊರಬರುತ್ತದೆ, ಟೊಮೆಟೊಗೆ ಆಸರೆಯ ಕೋಲನ್ನು ಅದೇ ದಿನ ಊರಿಬಿಟ್ಟರೆ ಮುಂದೆ ಬೇರಿಗೆ ಏಟಾಗುವುದಿಲ್ಲ.