ವೀಸಾ ಬಂದಿಲ್ಲ, ಕಾರಣವೂ ಹೇಳಿಲ್ಲ: ಪುಣೆಯಲ್ಲಿ ಕಾಯುತ್ತಿರುವ ನಮ್ಮವರಿಗೆ

ಗಂಡ ಅಥವಾ ಹೆಂಡತಿ ಜರ್ಮನಿಯಲ್ಲಿ, ತಾವು ಪುಣೆಯಲ್ಲಿ. ಹಿಂಜವಡಿ, ವಾಕಡ್ ಕಡೆ ಹೊಸದಾಗಿ ಬಂದ ಕನ್ನಡದವರಲ್ಲಿ ಹೀಗೆ ಕಾಯುವವರನ್ನು ಪ್ರತಿ ವರ್ಷ ನೋಡುತ್ತೇನೆ. ನಾನೂ ಕಾದವಳೇ. ಧಾರವಾಡದಿಂದ ಇಲ್ಲಿಗೆ ಬಂದ ಎರಡನೇ ವರ್ಷ ಮದುವೆಯಾಯಿತು, ಇವರು ಸ್ಟುಟ್‌ಗಾರ್ಟ್‌ಗೆ ಹೋದರು. ನಾನು ಅರ್ಜಿ ಕೊಟ್ಟ ಮೇಲೆ ಏಳು ತಿಂಗಳು ಒಂದೇ ಉತ್ತರ: ‘ಪರಿಶೀಲನೆಯಲ್ಲಿದೆ.’

ಫೈಲು ಮುಂಬೈಯಲ್ಲೇ ಕೂತಿದೆ ಅಂದುಕೊಳ್ಳಬೇಡಿ. ಮಹಾರಾಷ್ಟ್ರ, ಗೋವಾದಲ್ಲಿ ಇರುವವರ ಅರ್ಜಿ ಮುಂಬೈ ಕಾನ್ಸುಲೇಟಿಗೆ ಹೋಗುತ್ತದೆ, ಕರ್ನಾಟಕದವರದ್ದು ಬೆಂಗಳೂರಿಗೆ. ಆಧಾರ್‌ನಲ್ಲಿ ಇನ್ನೂ ಊರಿನ ವಿಳಾಸವೇ ಇದ್ದರೆ ನೋಂದಣಿಯಾದ ಬಾಡಿಗೆ ಕರಾರು ಕೈಯಲ್ಲಿರಲಿ. ಆದರೆ ಸಂಗಾತಿಯ ಜೊತೆ ನೆಲೆಸುವ ವೀಸಾಕ್ಕೆ ಕಾನ್ಸುಲೇಟು ಸಾಮಾನ್ಯವಾಗಿ ತಾನೊಬ್ಬನೇ ತೀರ್ಮಾನ ಮಾಡುವುದಿಲ್ಲ. ಸಂಗಾತಿ ಇರುವ ಊರಿನ ವಿದೇಶಿಯರ ಕಚೇರಿಗೆ, ಅಂದರೆ ಔಸ್‌ಲೆಂಡರ್‌ಬೆಹೋರ್ಡೆಗೆ, ಫೈಲು ಹೋಗಿ ಅಲ್ಲಿಂದ ಒಪ್ಪಿಗೆ ಬರಬೇಕು. ಜಾಸ್ತಿ ದಿನ ಹಿಡಿಯುವುದು ಅಲ್ಲೇ. ಹಾಗಾಗಿ ಇಲ್ಲಿಂದ ದಿನಾ ಮೇಲ್ ಕಳಿಸುವುದಕ್ಕಿಂತ, ಅಲ್ಲಿರುವವರು ಆ ಕಚೇರಿಗೆ ಜರ್ಮನ್‌ನಲ್ಲಿ ಬರೆದು ಕೇಳಲಿ: ಫೈಲು ತಲುಪಿದೆಯಾ, ಯಾವ ಕಾಗದ ಕಡಿಮೆ ಇದೆ, ಒಪ್ಪಿಗೆ ಕಳಿಸಿದ್ದೀರಾ. ಮೂರೇ ಪ್ರಶ್ನೆ ಸಾಕು.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕು ಹೆಸರಿನದು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಬರೀ ‘ಎಸ್’ ಇತ್ತು. ಅದು ಅಪ್ಪನ ಹೆಸರಿನ ಮೊದಲ ಅಕ್ಷರ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಪುಣೆಗೆ ಬಂದ ಮೇಲೆ ಆಧಾರ್‌ನಲ್ಲಿ ಇಲ್ಲಿನ ಪದ್ಧತಿಯಂತೆ ನಡುವೆ ಗಂಡನ ಹೆಸರು, ಕೊನೆಗೆ ಅಡ್ಡಹೆಸರು ಸೇರಿಸಿದ್ದೆವು. ನಮಗೆ ಇದೆಲ್ಲ ಒಬ್ಬಳೇ ಅಂತ ಗೊತ್ತು. ಸಾವಿರಾರು ಮೈಲಿ ದೂರದಲ್ಲಿ ಕೂತ ಗುಮಾಸ್ತನ ಕಣ್ಣಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು, ಅಲ್ವಾ? ಐದನೇ ತಿಂಗಳು ನನ್ನ ಗಂಡ ಆ ಕಚೇರಿಗೆ ಬರೆದು ಕೇಳಿದಾಗಲೇ ಅದು ಹೊರಬಿತ್ತು. ಆ ರಾತ್ರಿ ಚಾಪೆಯ ಮೇಲೆ ಎಲ್ಲ ಕಾಗದ ಹರಡಿಕೊಂಡು ಒಂದೊಂದು ಹೆಸರನ್ನೂ ಅಕ್ಷರ ಅಕ್ಷರ ಓದಿದೆ. ಮೂರು ಹೆಸರೂ ನನ್ನದೇ ಅಂತ ನೋಟರಿ ಅಫಿಡವಿಟ್ ಮಾಡಿಸಿ, ಜರ್ಮನ್‌ಗೆ ಅನುವಾದ ಮಾಡಿಸಿ ಕಳಿಸಿದೆವು. ನೀವು ಇದನ್ನು ಅರ್ಜಿ ಕೊಡುವ ಮುಂಚೆಯೇ ಮಾಡಿ.

ಕಾಗದ ಅಸಲಿ ಅಂತ ನಮ್ಮ ಸರ್ಕಾರ ಹಾಕುವ ಅಪೊಸ್ಟಿಲ್ ಮುದ್ರೆಯನ್ನು ಜರ್ಮನಿ ಒಪ್ಪುವುದಿಲ್ಲ. ಅನುಮಾನ ಬಂದರೆ ತಮ್ಮ ಕಡೆಯ ವಕೀಲರಿಂದ ಕಾಗದ ಪರಿಶೀಲನೆ ಮಾಡಿಸುತ್ತಾರೆ, ಅದಕ್ಕೂ ದಿನ ಹಿಡಿಯುತ್ತದೆ. ಯಾರಾದರೂ ವಿಚಾರಿಸಲು ಬಂದರೆ ಗಾಬರಿಯಾಗದೆ ಇದ್ದದ್ದು ಇದ್ದ ಹಾಗೆ ಹೇಳಿ ಅಂತ ಊರಿನಲ್ಲಿರುವ ಹಿರಿಯರಿಗೆ ಮೊದಲೇ ತಿಳಿಸಿಡಿ.

ಸರಿಯಾದ ಕಾರಣವಿಲ್ಲದೆ 3 ತಿಂಗಳಾದರೂ ತೀರ್ಮಾನವೇ ಆಗದಿದ್ದರೆ ಕೋರ್ಟಿಗೆ ಹೋಗಲು ಜರ್ಮನಿಯ ಕಾನೂನಿನಲ್ಲಿ ದಾರಿ ಇದೆ. ನಾವು ಅಷ್ಟು ದೂರ ಹೋಗಲಿಲ್ಲ. ನಿಮಗೆ ಗೊತ್ತಿರಲಿ ಅಂತ ಹೇಳಿದೆ.

ವೀಸಾ ಕೈಗೆ ಬರುವವರೆಗೆ ಕೆಲಸ ಬಿಡಬೇಡಿ, ಮನೆ ಖಾಲಿ ಮಾಡುತ್ತೇವೆ ಅಂತ ಮಾಲೀಕರಿಗೆ ಹೇಳಬೇಡಿ, ಟಿಕೆಟ್ ಮಾಡಿಸಬೇಡಿ. ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿ ಕೆಲಸಕ್ಕೆ ಹೋದವರಿಗೆ ಕೊಡುವ ವಾಸದ ಪರವಾನಗಿ, ಇರುವವರ ಸಂಗಾತಿಗೆ ಜರ್ಮನ್ ಭಾಷೆಯ ಮೊದಲ ಹಂತದ ಎ1 ಪರೀಕ್ಷೆ ಕಡ್ಡಾಯವಲ್ಲ, ಆದರೂ ಜರ್ಮನ್ ಕಲಿಯಿರಿ. ಪುಣೆಯಲ್ಲಿ ಮ್ಯಾಕ್ಸ್ ಮುಲ್ಲರ್ ಭವನ, ರಾನಡೆ ಇನ್‌ಸ್ಟಿಟ್ಯೂಟ್ ಎರಡೂ ಇವೆ. ಸಂಜೆ ತರಗತಿಯಲ್ಲಿ ಕೂತ ಎರಡು ಗಂಟೆ ನಾನು ಮೊಬೈಲ್ ನೋಡುತ್ತಿರಲಿಲ್ಲ. ಆ ದಿನಗಳಲ್ಲಿ ಅದೇ ನನಗೆ ದೊಡ್ಡ ವಿಶ್ರಾಂತಿ.

ನನ್ನನ್ನು ಹೆಚ್ಚು ಸುಸ್ತು ಮಾಡಿದ್ದು ಕಚೇರಿಯಲ್ಲ, ನಮ್ಮಿಬ್ಬರ ಜಗಳ. ಮನೆಯವರು ‘ಇನ್ನೂ ಬಂದಿಲ್ವಾ?’ ಅಂತ ಕೇಳಿದಾಗಲೆಲ್ಲ ಆ ಸಿಟ್ಟನ್ನು ಇವರ ಮೇಲೆ ಹಾಕುತ್ತಿದ್ದೆ. ನೀವೇ ಸರಿಯಾಗಿ ಓಡಾಡ್ತಿಲ್ಲ ಅಂತ ಒಮ್ಮೆ ಅಂದುಬಿಟ್ಟೆ. ಅವರು ಏನೂ ಹೇಳದೆ ಫೋನ್ ಇಟ್ಟರು. ಆಮೇಲೆ ಒಂದು ಕಟ್ಟು ಮಾಡಿಕೊಂಡೆವು: ವೀಸಾ ಮಾತು ಬುಧವಾರ ಮಾತ್ರ, ಅರ್ಧ ಗಂಟೆ. ಉಳಿದ ದಿನ ಏನು ಅಡುಗೆ, ಯಾರು ಸಿಕ್ಕಿದರು, ಅಷ್ಟೇ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ಅಂತರ. ನನ್ನ ಊಟ ಮುಗಿದ ಹೊತ್ತಿಗೆ ಅವರು ಕೆಲಸದಿಂದ ಬಂದು ಚಹಾಕ್ಕೆ ನೀರಿಡುತ್ತಿದ್ದರು, ಪಾತ್ರೆಯ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

ಪುಣೆಗೆ ಹೊಸಬರಾಗಿದ್ದು, ಕಾಗದ ನೋಡಿಕೊಡುವವರು ಯಾರೂ ಇಲ್ಲ ಅನ್ನಿಸಿದರೆ ಭಾನುವಾರ ನಮ್ಮ ಮನೆಗೆ ಬನ್ನಿ. ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರ, ಅಂಕಪಟ್ಟಿ ಮೂರನ್ನೂ ತನ್ನಿ. ಚಾಪೆ ಹಾಸಿ ಕೂತು ಹೆಸರು ಓದೋಣ.