ಓನರ್ ಲೆಟರ್ ಕೇಳೋದು ಬಿಟ್ಟೆ, ಆಪರೇಷನ್ ಮಾತ್ರ ಬಿಡ್ಲಿಲ್ಲ

ಬೀದಿ ನಾಯಿ, ಬೆಕ್ಕಿನ ಮರಿಗಳನ್ನ ಸಾಕೋರಿಗೆ ಕೊಡ್ತೀನಿ, ಈಗ ನನ್ನ ಅಡಾಪ್ಷನ್ ಫಾರ್ಮ್ ಅರ್ಧ ಪೇಜು. ಹೆಸರು, ಫೋನ್ ನಂಬರು, ಹಗಲು ಹೊತ್ತು ಮನೇಲಿ ಯಾರಿರ್ತಾರೆ, ಮರಿ ಆಗದಂಗೆ ಮಾಡೋ ಆಪರೇಷನ್‌ಗೆ ನಾನೇ ಬಂದು ಕರ್ಕೊಂಡು ಹೋದ್ರೆ ಕಳಿಸ್ತೀರಾ. ಅಷ್ಟೇ. ಮುಂಚೆ ಇದ್ದಿದ್ದು ಮೂರು ಪೇಜು, ಬೆಂಗಳೂರಿನ ಒಂದು ಟೀಮ್ ಹತ್ರ ಇಸ್ಕೊಂಡಿದ್ದು. ಸ್ವಂತ ಮನೆನಾ ಬಾಡಿಗೆನಾ, ಬಾಡಿಗೆ ಆದ್ರೆ ಓನರ್ ಲೆಟರ್, ಆಧಾರ್, ಸಂಬಳ ಎಷ್ಟು, ಬ್ಯಾಚುಲರ್ಸ್‌ಗೆ ಕೊಡಲ್ಲ, ಸ್ಟೂಡೆಂಟ್ಸ್‌ಗಂತೂ ಇಲ್ವೇ ಇಲ್ಲ, ಬಾಲ್ಕನಿಗೆ ಮೆಶ್ ಇದ್ಯಾ, ಕಟ್ಟಿ ಹಾಕ್ತೀರಾ, ಊರಿಗೆ ಹೋದಾಗ ಎಲ್ಲಿ ಬಿಡ್ತೀರಾ, ಮನೆ ನೋಡಕ್ಕೆ ಹೇಳ್ದೇನೇ ಬರ್ತೀವಿ. ಕೊನೇಲಿ ಸ್ಟಾಂಪ್ ಪೇಪರ್ ಮೇಲೆ ಆರು ತಿಂಗಳಿಗೆ ಸ್ಪೇ, ಅಂದ್ರೆ ಅದೇ ಆಪರೇಷನ್, ಮಾಡಿಸ್ತೀನಿ ಅಂತ ಸೈನು. ನಾನು ಈ ಮೂರು ಪೇಜು ಎತ್ತಿಟ್ಟಾಗ ಮೈಸೂರಲ್ಲಿ ಇದೇ ಕೆಲಸ ಮಾಡೋ ನಮ್ಮವರೇ "ನೀನು ಅಡಾಪ್ಷನ್ ಮಾಡ್ತಿಲ್ಲ ಕಣೋ, ಪ್ರಸಾದ ಹಂಚ್ದಂಗೆ ಮರಿ ಹಂಚ್ತಿದೀಯ" ಅಂದ್ರು. ಈಗ ಅವರಲ್ಲೇ ಇಬ್ರು ಮೂವರು ನನ್ನ ಅರ್ಧ ಪೇಜಿನ ಫೋಟೋ ತರಿಸ್ಕೊಂಡಿದಾರೆ, ಅದಕ್ಕೇ ಬರೀತಿದೀನಿ.

ನಮಗೆಲ್ಲಾ ಗೊತ್ತಿರೋದೇ, ಮರಿಗೆ ಒಂದೂವರೆ ಎರಡು ತಿಂಗಳಿದ್ದಾಗ ಫೋನ್ ಮೇಲೆ ಫೋನ್ ಬರತ್ತೆ, ನಾಲ್ಕು ತಿಂಗಳು ದಾಟಿ ಕಾಲು ಉದ್ದ ಆಯ್ತು ಅಂದ್ರೆ ಒಬ್ಬರೂ ಕೇಳಲ್ಲ. ಮೂರು ಪೇಜು ತುಂಬಿಸಿ, ಓನರ್ ಲೆಟರ್ ಬರೋವರೆಗೂ ಕಾದು, ಮನೆ ನೋಡಕ್ಕೆ ಭಾನುವಾರ ಸಿಗೋವರೆಗೂ ಕಾಯೋಷ್ಟರಲ್ಲಿ ಮೂರು ವಾರ ಹೋಯ್ತು, ಆ ಮೂರು ವಾರ ಮರಿ ಫಾಸ್ಟರ್ ಮನೇಲಿ, ಅಂದ್ರೆ ಮನೆ ಸಿಗೋವರೆಗೂ ಇಟ್ಕೊಳ್ಳೋರ ಹತ್ರ, ಇನ್ನೊಂದು ಏಳೆಂಟು ಮರಿ ಜೊತೆ. ಪಾರ್ವೋ, ಮರಿಯಿಂದ ಮರಿಗೆ ಹರಡೋ ವಾಂತಿ ಭೇದಿ ರೋಗ, ಬರೋದೇ ಅಲ್ಲಿ. ಒಂದು ಮಳೆಗಾಲದಲ್ಲಿ ವಿದ್ಯಾರಣ್ಯಪುರಂ ಫಾಸ್ಟರ್ ಮನೇಲಿ ಆರೋ ಏಳೋ ಮರಿ ಹೋದವು, ಅದರಲ್ಲಿ ಎರಡಕ್ಕೆ ಮನೆ ಸಿಕ್ಕಿತ್ತು, ಓನರ್ ಲೆಟರ್ ಒಂದು ಬಾಕಿ ಇತ್ತು. ಡ್ರಿಪ್ಪು, ಇಂಜೆಕ್ಷನ್ನು, ರಾತ್ರಿ ಹೊತ್ತಿನ ಡಾಕ್ಟರ್ ಫೀಸು ಎಲ್ಲಾ ಸೇರಿ ಹತ್ತಿರ ಹತ್ತಿರ ಇಪ್ಪತ್ತು ಸಾವಿರ ಕೈಬಿಡ್ತು.

ಇನ್ನು ವಾಪಸ್ ಬರೋ ನಾಯಿಗಳ ಲೆಕ್ಕ. ಬಾಡಿಗೆ ಮನೆಯವರು ವಾಪಸ್ ಕೊಡ್ತಾರೆ ಅನ್ನೋದು ನಮ್ಮಲ್ಲಿ ಮಂತ್ರ ಇದ್ದಂಗೆ. ನನ್ನ ಹಳೇ ನೋಟ್‌ಬುಕ್ ತೆಗೆದು ನೋಡ್ದಾಗ ವಾಪಸ್ ಬಂದಿರೋದ್ರಲ್ಲಿ ಸುಮಾರು ಅರ್ಧ ಸ್ವಂತ ಮನೆಯವರದ್ದೇ. ಮಗಳಿಗೆ ಮಗು ಆಯ್ತು, ಟೈಲ್ಸ್ ಹಾಕಿಸಿದೀವಿ, ಗಿಡ ಕಿತ್ತುಹಾಕತ್ತೆ. ಕುವೆಂಪುನಗರದಲ್ಲಿ ಡ್ಯೂಪ್ಲೆಕ್ಸ್ ಮನೆ, ಕಾರು, ಗೇಟು, ಎಲ್ಲಾ ಟಿಕ್ ಬಿದ್ದಿದ್ದ ಫಾರ್ಮು, ಎಂಟನೇ ದಿನಕ್ಕೆ ಫೋನ್ ಬಂತು. ಬೋಗಾದಿ ಕಡೆ ಒಬ್ಬ ಆಟೋ ಅಣ್ಣ, ಎರಡು ರೂಮಿನ ಶೀಟ್ ಮನೆ, ಹಳೇ ಫಾರ್ಮಿನಲ್ಲಿ ಮೊದಲ ಪೇಜಲ್ಲೇ ಫೇಲು, ಅವರ ಮನೇಲಿ ನಾಯಿ ಈಗ ಆಟೋ ಹಿಂದಿನ ಸೀಟಲ್ಲಿ ಕೂತು ಬಾಡಿಗೆ ಇಲ್ಲದಾಗ ಸ್ಟ್ಯಾಂಡಿಗೂ ಹೋಗತ್ತೆ. ಅಪಾರ್ಟ್‌ಮೆಂಟ್‌ನಲ್ಲಿ ಅಸೋಸಿಯೇಷನ್ ಒಪ್ಪಲ್ಲ ಅನ್ನೋರಿಗೆ ಎನಿಮಲ್ ವೆಲ್ಫೇರ್ ಬೋರ್ಡ್ ಗೈಡ್‌ಲೈನ್ ಪ್ರಿಂಟ್ ತೆಗೆದು ಕೊಡ್ತೀನಿ, ಮೆಜಾರಿಟಿ ಇದ್ರೂ ಸಾಕುಪ್ರಾಣಿ ಬ್ಯಾನ್ ಮಾಡಕ್ಕೆ ಆಗಲ್ಲ ಅಂತ ಅದರಲ್ಲಿ ನೇರವಾಗಿ ಇದೆ. ಬೋರ್ಡೇ ಹಂಗೆ ಹೇಳುವಾಗ ನಾವ್ಯಾಕೆ ಅಸೋಸಿಯೇಷನ್ ಪರವಾಗಿ ಗೇಟಲ್ಲಿ ನಿಂತ್ಕೋಬೇಕು? ದುಡ್ಡು ಕೊಟ್ಟು ಲ್ಯಾಬ್ರಡಾರ್ ಮರಿ ತಗೊಳ್ಳೋನಿಗೆ ಯಾವ ಬ್ರೀಡರೂ ಸಂಬಳ ಕೇಳಲ್ಲ. 2017ರ ಬ್ರೀಡಿಂಗ್ ರೂಲ್ಸ್ ಪ್ರಕಾರ ಎಂಟು ವಾರದೊಳಗಿನ ಮರಿ ಮಾರೋ ಹಾಗಿಲ್ಲ, ಅದನ್ನೇ ಎಷ್ಟು ಜನ ಪಾಲಿಸ್ತಾರೆ ನೋಡಿದೀವಲ್ಲ. ನಮ್ಮ ಬೀದಿ ಮರಿ ಬಿಟ್ಟಿ ಕೊಡಕ್ಕೆ ಮಾತ್ರ ಬ್ಯಾಂಕ್ ಲೋನ್ ಥರ ಪೇಪರ್ರು.

ಹಂಗಂತ ಆಪರೇಷನ್ ವಿಷಯದಲ್ಲಿ ನಾನು ಸಡಿಲ ಅಲ್ಲ, ಅಲ್ಲಿ ನಾನೇ ಎಲ್ಲರಿಗಿಂತ ಗಟ್ಟಿ. ಬಸಿರು ಅರವತ್ತಮೂರು ದಿನ, ಒಂದು ಸಲಕ್ಕೆ ಐದಾರು ಮರಿ, ವರ್ಷಕ್ಕೆ ಎರಡು ಸಲ ಬೆದೆ. ಮೊದಲ ಎರಡು ವರ್ಷ ನಂಬಿಕೆ ಮೇಲೆ ಕೊಟ್ಟೆ, ಫೋನ್ ಮಾಡ್ದಾಗೆಲ್ಲಾ "ಮಾಡಿಸ್ತೀವಿ ಸಾರ್, ಈ ತಿಂಗಳು ಹಬ್ಬ" ಅಂತಿದ್ರು, ಆಮೇಲೆ ಅದೇ ಮನೆಯಿಂದ ರಟ್ಟಿನ ಡಬ್ಬದಲ್ಲಿ ಮರಿ ನನ್ನ ಅಂಗಡಿ ಮುಂದೆ ಬಂತು. ಅದಾದ್ಮೇಲೆ ಸ್ಟಾಂಪ್ ಪೇಪರ್. ಅದೊಂದು ತಮಾಷೆ. ಯಾರ ಮೇಲೆ ಕೇಸ್ ಹಾಕ್ತೀರಿ, ಯಾವ ವಕೀಲರು ನಾಯಿ ಗರ್ಭಕೋಶಕ್ಕೆ ಕೋರ್ಟಿಗೆ ಬರ್ತಾರೆ? ಸೈನ್ ಮಾಡಿದವರಲ್ಲಿ ಅರ್ಧದಷ್ಟೂ ಮಾಡಿಸ್ಲಿಲ್ಲ. ಮಾಡಿಸದೇ ಇರೋದು ದುಷ್ಟತನದಿಂದಲ್ಲ, ಅದು ನನಗೆ ಅರ್ಥ ಆಗಕ್ಕೆ ಸ್ವಲ್ಪ ಟೈಮ್ ಹಿಡೀತು. ಪ್ರೈವೇಟ್ ಕ್ಲಿನಿಕ್ಕಲ್ಲಿ ಹೆಣ್ಣುನಾಯಿಗೆ ಐದರಿಂದ ಎಂಟು ಸಾವಿರ ಹೇಳ್ತಾರೆ, ಆಟೋದವರು ನಾಯಿ ಅಂದ್ರೆ ನಿಲ್ಲಿಸಲ್ಲ, ಒಂದು ದಿನದ ಕೂಲಿ ಹೋಗತ್ತೆ, ಮನೇಲಿ ಅಜ್ಜಿ "ಒಂದ್ ಸಲನಾದ್ರೂ ಮರಿ ಹಾಕ್ಲಿ, ಪಾಪ ಹೆಣ್ಣು ಜೀವ" ಅಂತಾರೆ. ಇಷ್ಟೆಲ್ಲಾ ಇರುವಾಗ ಸ್ಟಾಂಪ್ ಪೇಪರ್ ಯಾವ ಲೆಕ್ಕ.

ಆಪರೇಷನ್ ಆದ್ಮೇಲೆ ವಾಪಸ್ ಕೊಡೋ ಡೆಪಾಸಿಟ್ ಇಟ್ಟು ನೋಡ್ದೆ. ಐನೂರು ಇಟ್ಟೆ, ಅದನ್ನ ಮರಿ ರೇಟು ಅಂದ್ಕೊಂಡು ಮರೆತೇಬಿಟ್ರು. ಎರಡು ಸಾವಿರ ಇಟ್ಟೆ, "ಬೀದಿ ಮರಿಗೆ ಎರಡು ಸಾವಿರಾನಾ, ದಂಧೆ ಮಾಡ್ತಿದಾನೆ" ಅಂತ ಏರಿಯಾದಲ್ಲೆಲ್ಲಾ ಮಾತಾಯ್ತು, ಆ ಎರಡು ತಿಂಗಳು ಒಂದು ಮರಿನೂ ಹೋಗ್ಲಿಲ್ಲ. ಸಾವಿರಕ್ಕೆ ನಿಲ್ಲಿಸ್ದೆ. ಸಾವಿರ ಅಂದ್ರೆ ಮರೆಯೋ ದುಡ್ಡೂ ಅಲ್ಲ, ಓಡಿಹೋಗೋ ದುಡ್ಡೂ ಅಲ್ಲ. ಆದ್ರೆ ಬರೀ ಡೆಪಾಸಿಟ್‌ನಿಂದ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂತು ಅಷ್ಟೇ.

ಕೆಲಸ ಮಾಡಿದ್ದು ಏನಂದ್ರೆ, ಆಪರೇಷನ್ ಅವರ ತಲೆ ಮೇಲಿಂದ ಇಳಿಸಿ ನನ್ನ ಮೇಲೆ ಹಾಕ್ಕೊಂಡಿದ್ದು. ಮರಿ ಕೊಡೋ ದಿನವೇ ವ್ಯಾಕ್ಸಿನ್ ಬುಕ್ಕಿನ ಕೊನೇ ಪೇಜಲ್ಲಿ ಆಪರೇಷನ್ ತಿಂಗಳು ಬರೀತೀನಿ. ಆ ತಿಂಗಳು ಬಂದಾಗ ಫೋನ್ ಮಾಡಿ "ಮಾಡಿಸಿದ್ರಾ" ಅಂತ ಕೇಳಲ್ಲ, "ಗುರುವಾರ ಬೆಳಗ್ಗೆ ಏಳಕ್ಕೆ ಬರ್ತೀನಿ, ಬುಧವಾರ ರಾತ್ರಿ ಒಂಬತ್ತರ ಮೇಲೆ ಊಟ ಹಾಕ್ಬೇಡಿ" ಅಂತೀನಿ. ನಮ್ಮ ಬೋಗಾದಿ ಅಣ್ಣನ ಆಟೋನೇ, ಒಂದು ರೌಂಡಲ್ಲಿ ಎರಡೋ ಮೂರೋ ನಾಯಿ ಎತ್ಕೊಂಡು ಡಾಕ್ಟರ್ ಹತ್ರ ಬಿಟ್ಟು ಸಂಜೆ ಅಥವಾ ಮಾರನೇ ದಿನ ಮನೆಗೆ ವಾಪಸ್. ಹತ್ತು ದಿನ ಆದ್ಮೇಲೆ ಹೊಲಿಗೆ ಫೋಟೋ ಕಳಿಸಿದ ತಕ್ಷಣ ಸಾವಿರ ರೂಪಾಯಿ ಗೂಗಲ್ ಪೇ, ಒಂದು ಗಂಟೆನೂ ತಡ ಮಾಡಲ್ಲ, ಯಾಕಂದ್ರೆ ಆ ಸ್ಕ್ರೀನ್‌ಶಾಟ್ ಪಕ್ಕದ ಮನೆಯವರಿಗೂ ಹೋಗತ್ತೆ. ಫೋನ್ ಯಾವ ವಾರ ಮಾಡ್ಬೇಕು, ಮನೇಲಿ ಯಾರ ನಂಬರಿಗೆ ಮಾಡ್ಬೇಕು ಅನ್ನೋದರಲ್ಲಿ ಒಂದು ಕೈಚಳಕ ಇದೆ, ಅದನ್ನ ಇಲ್ಲಿ ಹೇಳಲ್ಲ, ನೀವೂ ಒಂದಷ್ಟು ಒದ್ದಾಡಿ. ಈಗ ಹತ್ತರಲ್ಲಿ ಒಂಬತ್ತು ಹೆಣ್ಣುನಾಯಿ ಆಪರೇಷನ್ ಆಗ್ತಿವೆ. ಇದನ್ನ ಹೇಳ್ದಾಗ ಒಬ್ಬರು ನಂಬದೇ ನನ್ನ ನೋಟ್‌ಬುಕ್ ಇಸ್ಕೊಂಡು ಹತ್ತು ಹದಿನೈದು ಮನೆಗೆ ಫೋನ್ ಮಾಡಿ ನೋಡಿದ್ರು. ಮಾಡ್ಲಿ, ಒಳ್ಳೇದೇ ಆಯ್ತು.

ಇದರಲ್ಲಿ ನಾನು ಅಂದ್ಕೊಳ್ಳದೇ ಇದ್ದ ಲಾಭ ಒಂದು ಬಂತು. ಎಲ್ಲರಿಗೂ ಬೇಕಾಗಿರೋದು ಗಂಡುಮರಿ. "ಗಂಡಿದ್ರೆ ಕೊಡಿ ಸಾರ್, ಹೆಣ್ಣಾದ್ರೆ ಬೀದಿ ನಾಯೆಲ್ಲಾ ಗೇಟ್ ಮುಂದೆ ಬರತ್ತೆ." ಚಾಮುಂಡಿಬೆಟ್ಟದ ತಪ್ಪಲಲ್ಲಿ ಗೋಣಿಚೀಲದಲ್ಲಿ ಬಿಟ್ಟು ಹೋಗೋ ಮರಿಗಳು ನೋಡಿ, ಹೆಚ್ಚುಕಮ್ಮಿ ಎಲ್ಲಾ ಹೆಣ್ಣೇ. ಸ್ಟೇಟಸ್‌ನಲ್ಲಿ "ಹೆಣ್ಣುಮರಿ, ಆಪರೇಷನ್ ಖರ್ಚು ಓಡಾಟ ಎಲ್ಲಾ ನಮ್ಮದೇ, ಗೇಟ್ ಮುಂದೆ ಯಾವ ನಾಯಿನೂ ಬರಲ್ಲ" ಅಂತ ಹಾಕಿದ್ ಮೇಲೆ ಹೆಣ್ಣುಮರಿ ಹೋಗಕ್ಕೆ ಶುರುವಾಯ್ತು. ಜನ ಹೆದರ್ತಾರೆ ಅಂತ ನಾವು ಫಾರ್ಮಿನ ಕೊನೇಲಿ ಸಣ್ಣಕ್ಷರದಲ್ಲಿ ಹಾಕ್ತಿದ್ದ ಷರತ್ತು, ಅದನ್ನೇ ಮೊದಲ ಸಾಲಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದಕ್ಕೆ ಕೆಲಸ ಆಯ್ತು.

ಆಪರೇಷನ್ ಆದ್ಮೇಲೆ ಹೊಲಿಗೆ ಕಿತ್ಕೊಳ್ಳದ ಹಾಗೆ ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್ ಹಾಕೋದು ದೊಡ್ಡ ತಲೆನೋವು. ಶೀಟ್ ಮನೆ, ಎರಡು ರೂಮು, ಕೋನ್ ಹಾಕಿದ ನಾಯಿ ಬಾಗಿಲಿಗೆ ಮಂಚಕ್ಕೆ ಬಿಂದಿಗೆಗೆ ಡಬಡಬ ಹೊಡ್ಕೊಂಡು ಓಡಾಡತ್ತೆ, ಮನೆಯವರು ಪಾಪ ಅಂತ ರಾತ್ರಿ ಬಿಚ್ತಾರೆ, ಬೆಳಗ್ಗೆ ಹೊಲಿಗೆ ಇಲ್ಲ. ಹಳೇ ಬನಿಯನ್ ಟೀಶರ್ಟ್ ಟ್ರೈ ಮಾಡ್ದೆ. ದೊಡ್ಡವರ ಎಂ ಸೈಜು ನಮ್ಮ ಹದಿನೈದು ಹದಿನೆಂಟು ಕೇಜಿ ನಾಯಿಗೆ ಸಡಿಲ, ಹತ್ತು ಹನ್ನೆರಡು ವರ್ಷದ ಹುಡುಗರದ್ದು ಕರೆಕ್ಟು. ಮುಂಭಾಗ ಬೆನ್ನ ಮೇಲೆ ಬರೋ ಹಾಗೆ ಉಲ್ಟಾ ಹಾಕಿ, ಮುಂಗಾಲು ತೋಳಲ್ಲಿ ತೂರಿಸಿ, ಕೆಳಗಿನ ಅಂಚು ಸೊಂಟದ ಮೇಲೆ ಒಟ್ಟುಮಾಡಿ ಹೇರ್‌ಬ್ಯಾಂಡಿಂದ ಗಂಟು. ಉಚ್ಚೆಗೆ ಕರ್ಕೊಂಡು ಹೋಗುವಾಗ ಬ್ಯಾಂಡ್ ಬಿಚ್ಚಿ ಮೇಲಕ್ಕೆ ಮಡಿಸಿದ್ರೆ ಆಯ್ತು. ನಮ್ಮ ಡಾಕ್ಟರು ಪಕ್ಕೆಯಲ್ಲಿ ಸಣ್ಣದಾಗಿ ಕೊಯ್ದು ಮಾಡ್ತಾರೆ, ಆ ಜಾಗ ಟೀಶರ್ಟ್ ಒಳಗೆ ಪೂರ್ತಿ ಮುಚ್ಚತ್ತೆ. ನೈಲಾನ್ ಬಟ್ಟೆ ಬೇಡ, ಬೆವರಿ ಗಾಯ ಹಸಿಯಾಗತ್ತೆ. ಕೋನಿನಲ್ಲಿ ಹೊಲಿಗೆ ಕಿತ್ಕೊಂಡಷ್ಟು ಇದರಲ್ಲಿ ಕಿತ್ಕೊಂಡಿಲ್ಲ, ಒಂದೆರಡು ಚಾಲಾಕಿಗಳನ್ನ ಬಿಟ್ಟು.

ಫಾರ್ಮುಗಳಲ್ಲಿ ಎಲ್ಲದಕ್ಕೂ "ಆರು ತಿಂಗಳು" ಅಂತ ಬರೆಯೋದು ಇದೆಯಲ್ಲ, ಬೆಕ್ಕಿಗೆ ಅದು ತಡ. ಹೆಣ್ಣುಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬಂದು ಕೂಗಕ್ಕೆ ಶುರು ಮಾಡತ್ತೆ, ಆರು ತಿಂಗಳಿಗೆ ನೀವು ಫೋನ್ ಮಾಡೋಷ್ಟರಲ್ಲಿ ಹೊಟ್ಟೆ ಬಂದಿರತ್ತೆ. ಬೆಕ್ಕುಮರಿಗಳನ್ನ ನಾನು ಈಗ ಒಂದೂವರೆ ಕೇಜಿ ದಾಟಿದ ಮೇಲೆ ಆಪರೇಷನ್ ಮಾಡಿಸಿಯೇ ಕೊಡೋದು, ಡೆಪಾಸಿಟ್ಟೂ ಇಲ್ಲ ಫೋನೂ ಇಲ್ಲ. ಅಷ್ಟು ಚಿಕ್ಕದಕ್ಕೆ ಮಾಡೋ ಡಾಕ್ಟರ್ ಸಿಗೋದು ಕಷ್ಟ, ನನಗೆ ಒಬ್ಬರು ಸಿಕ್ಕಿದಾರೆ, ಯಾರು ಅಂತ ಕೇಳ್ಬೇಡಿ, ಈಗಲೇ ಅವರ ಕ್ಯೂ ಉದ್ದ ಇದೆ. ನಾಯಿಗೆ ಬೇಗ ಮಾಡಿಸಿದ್ರೆ ಕೀಲು ಹಾಳಾಗತ್ತೆ ಅಂತ ಹೆಬ್ಬಾಳದ ಒಬ್ಬ ಐಟಿ ಹುಡುಗ ಅಮೆರಿಕದ ಯೂಸಿ ಡೇವಿಸ್ ಯೂನಿವರ್ಸಿಟಿಯವರ 2013ರ ಸ್ಟಡಿ ಕಳಿಸಿದ್ದ. ಆ ಸ್ಟಡಿ ಗೋಲ್ಡನ್ ರಿಟ್ರೀವರ್ ಮೇಲೆ ಮಾಡಿದ್ದು. ಅದೇ ಯೂನಿವರ್ಸಿಟಿಯವರು 2020ರಲ್ಲಿ ಮಿಕ್ಸ್ ನಾಯಿಗಳನ್ನ ತೂಕದ ಪ್ರಕಾರ ನೋಡಿ, ಇಪ್ಪತ್ತು ಕೇಜಿ ಒಳಗಿನವಕ್ಕೆ ಕೀಲಿನ ತೊಂದರೆ ಹೆಚ್ಚೇನೂ ಕಾಣ್ಲಿಲ್ಲ ಅಂದಿದಾರೆ, ದೊಡ್ಡವಕ್ಕೆ ಕಾದು ಮಾಡಿಸಿ ಅಂತ. ಹಂಗಾಗಿ ಲ್ಯಾಬ್, ಜರ್ಮನ್ ಶೆಫರ್ಡ್ ಕ್ರಾಸ್ ಏನಾದ್ರೂ ಬಂದ್ರೆ ನಾನೂ ಒಂದು ವರ್ಷದ ಮೇಲೆ ಕಾಯ್ತೀನಿ. ಇದು ರೂಲ್ ಬಿಗಿಯೋ ಸಡಿಲವೋ ಅನ್ನೋ ಮಾತಲ್ಲ, ಒಂದೇ ರೂಲನ್ನ ಎರಡು ಕೇಜಿ ಬೆಕ್ಕಿಗೂ ಮೂವತ್ತು ಕೇಜಿ ನಾಯಿಗೂ ಹಾಕಿದ್ರೆ ಎರಡೂ ಕಡೆ ತಪ್ಪತ್ತೆ.

ಆಗದೇ ಇರೋದೂ ಹೇಳ್ತೀನಿ. ಕಿವಿ ನಾಚ್, ಅಂದ್ರೆ ಆಪರೇಷನ್ ಆಗಿದೆ ಅನ್ನೋ ಗುರುತಿಗೆ ಕಿವಿ ಸ್ವಲ್ಪ ಕತ್ತರಿಸೋದು. ಬೀದಿ ನಾಯಿ ಹಿಡಿದು ಆಪರೇಷನ್ ಮಾಡ್ಸೋ ಎಬಿಸಿ ಗಾಡಿಯವರು ಹಿಡಿದ್ರೆ ಗೊತ್ತಾಗ್ಲಿ ಅಂತ ಮನೆ ನಾಯಿಗೂ ಸಣ್ಣದಾಗಿ ಹಾಕ್ಸೋಣ ಅಂದೆ, ಒಬ್ಬರೂ ಒಪ್ಪಲಿಲ್ಲ, "ಕಿವಿ ಕತ್ತರಿಸ್ತೀರಾ, ಹುಚ್ಚಾ" ಅಂದ್ರು. ಶ್ರೀರಾಂಪುರದಲ್ಲಿ ಗೇಟ್ ತೆಗೆದಿದ್ದಾಗ ಆಚೆ ಹೋದ, ಆಪರೇಷನ್ ಆಗಿರೋ ನಾಯಿನ ಆ ಗಾಡಿಯವರು ಹಿಡ್ಕೊಂಡು ಹೋಗಿ ಮತ್ತೆ ಆಪರೇಷನ್‌ಗೆ ಮಲಗಿಸೋ ಹಂತಕ್ಕೆ ಬಂದಿತ್ತು, ಕೂದಲು ಬೋಳಿಸ್ದಾಗ ಹಳೇ ಗಾಯ ಕಂಡು ಬಿಟ್ರು. ಬೆಲ್ಟ್ ಮೇಲೆ "ಆಪರೇಷನ್ ಆಗಿದೆ" ಅಂತ ಮಾರ್ಕರಲ್ಲಿ ಬರೆದು ಕೊಟ್ಟೆ, ಎರಡು ಸ್ನಾನಕ್ಕೆ ಅಳಿಸೋಯ್ತು, ಈಗ ಚಪ್ಪಲಿ ಹೊಲಿಯೋರ ಹತ್ರ ರೆಕ್ಸಿನ್ ಮೇಲೆ ದಾರದಲ್ಲಿ ಹೊಲಿಸ್ತಿದೀನಿ, ನೋಡೋಣ. ಗಂಡುಮರಿಗಳದ್ದು ಇನ್ನೊಂದು ಸೋಲು. "ಬೀಜ ತೆಗೆದ್ರೆ ಬೊಗಳಲ್ಲ, ಕಾವಲು ಕಾಯಲ್ಲ" ಅಂತ ಮನೆ ಯಜಮಾನರು ಅಡ್ಡ ನಿಲ್ತಾರೆ, ಅದೂ ಅಮ್ಮ ಮಕ್ಕಳು ಒಪ್ಪಿದ್ ಮೇಲೆ. ಅಲ್ಲಿ ನನ್ನ ಲೆಕ್ಕ ಹತ್ತಕ್ಕೆ ಐದೋ ಆರೋ. ನಂಜನಗೂಡು, ಮಂಡ್ಯ ಕಡೆ ತೋಟದ ಮನೆಗೆ ಹೋದ ಮರಿಗಳೂ ಕಷ್ಟ, ಆಟೋ ಅಷ್ಟು ದೂರ ಹೋಗಲ್ಲ, ಅವರಿಗೆ ಬೇಕಾದ್ರೆ ಆಪರೇಷನ್ ಆಗಿರೋ ಎಂಟು ಹತ್ತು ತಿಂಗಳ ನಾಯಿನೇ ಕೊಡ್ತೀನಿ ಅಂತೀನಿ, ತೋಟಕ್ಕೆ ದೊಡ್ಡದೇ ಬೇಕು ಅಂತ ಖುಷಿಯಾಗಿ ತಗೊಳ್ಳೋರೂ ಇದಾರೆ.

ದುಡ್ಡಿನ ವಿಷಯ. ಪ್ರಾಣಿಗಳ ಟ್ರಸ್ಟ್‌ನವರ ರೇಟಲ್ಲಿ ಆಪರೇಷನ್‌ಗೆ ಹೆಣ್ಣಿಗೆ ಎರಡು ಸಾವಿರದ ಆಸುಪಾಸು, ಗಂಡಿಗೆ ಸಾವಿರದ ಚಿಲ್ಲರೆ, ಆಟೋಗೆ ನಾಯಿಗಿಷ್ಟು ಅಂತ ನೂರು ನೂರೈವತ್ತು, ಮಾತ್ರೆ ಮುಲಾಮು ಇನ್ನೂರು. ಅಂದ್ರೆ ಹೆಣ್ಣುಮರಿ ಒಂದಕ್ಕೆ ಎರಡೂವರೆ ಸಾವಿರ ಹೋಗತ್ತೆ, ಡೆಪಾಸಿಟ್ ವಾಪಸ್ ಕೊಡೋದರಿಂದ ಅದರಲ್ಲಿ ಉಳಿಯೋದು ಏನಿಲ್ಲ. ಆದ್ರೆ ಹಳೇ ಪದ್ಧತೀಲಿ ಒಂದು ಮರಿ ಎರಡು ತಿಂಗಳು ಜಾಸ್ತಿ ಫಾಸ್ಟರ್‌ನಲ್ಲಿ ಕೂತ್ರೆ ಊಟ, ವ್ಯಾಕ್ಸಿನ್, ಹುಳದ ಔಷಧಿ ಅಂತ ಮೂರು ಸಾವಿರ ಹೋಗ್ತಿತ್ತು, ಪಾರ್ವೋ ಬಂದ್ರೆ ಕೇಳಲೇಬೇಡಿ. ಮೊದಲೆಲ್ಲಾ ಡೊನೇಷನ್ ಕೇಳಕ್ಕೆ ನಾಚಿಕೆ ಆಗ್ತಿತ್ತು, ಈಗ "ಒಂದು ಗುರುವಾರ ನಿಮ್ಮದು" ಅಂತ ಕೇಳ್ತೀನಿ, ಒಂದು ಗುರುವಾರ ಅಂದ್ರೆ ಎರಡು ನಾಯಿ, ಐದು ಸಾವಿರ. ಹುಟ್ಟಿದಬ್ಬಕ್ಕೆ, ಅಮ್ಮನ ತಿಥಿಗೆ ಅಂತ ಕೊಡ್ತಾರೆ. ಮುಂದಿನ ಗುರುವಾರ ಯಾರೂ ತಗೊಂಡಿಲ್ಲ, ನಾಯಿ ಮಾತ್ರ ಮೂರು ಬುಕ್ ಆಗಿವೆ, ಬುಧವಾರದೊಳಗೆ ಯಾರಾದ್ರೂ ಸಿಕ್ಕಿಲ್ಲ ಅಂದ್ರೆ ಅಂಗಡಿ ಗಲ್ಲದಿಂದಲೇ ತೆಗೀಬೇಕು.